ರಾಶಿಯ ಉಪ್ಪು

"ಮನೇಲಿ ಯಾವ ಉಪ್ಪು ಬಳಸ್ತೀರಿ?"

ಸೊಸೆಯ ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಆಗಲೇ ಹೇಳಿ ಮುಗಿಸಿದ್ದ ಡಾಕ್ಟರಮ್ಮ ಹೀಗೆ ಕೇಳಿದಾಗ, ಅಂಥ ಹೊತ್ತಿನಲ್ಲೂ ಅತ್ತೆಗೆ ನಗು ಬಂತು. ಕೇಳುವುದಾದರೂ ಯಾರನ್ನು! ಇಪ್ಪತ್ತೆರಡು ವರ್ಷದಿಂದ ಉಪ್ಪಿನ ಕಾರ್ಖಾನೆಯಲ್ಲಿ ಪ್ಯಾಕೆಟ್‌ಗಳಿಗೆ ಸೀಲು ಹಾಕುವವಳನ್ನು.

"ನಮ್ಮ ಫ್ಯಾಕ್ಟರೀದೇ ಡಾಕ್ಟ್ರೇ. ಅಯೋಡಿನ್ ಇರೋದು."

"ಪ್ಯಾಕೆಟ್ ಉಪ್ಪು ತಾನೇ?"

"ಪ್ಯಾಕೆಟ್ ಯಾಕೆ? ರಾಶಿಯಿಂದಾನೇ ತರ್ತೀವಿ. ಕೆಲಸದೋರಿಗೆ ಪುಕ್ಕಟೆ."

"ಅಯೋಡಿನ್ ಹಾಕೋದು ರಾಶಿಗಾ?"

ಅತ್ತೆ ಮನಸ್ಸಿನಲ್ಲೇ ಕಾರ್ಖಾನೆಗೆ ಒಂದು ಸುತ್ತು ಹಾಕಿದಳು. ಗಣಿಯಿಂದ ಬಂದ ಉಪ್ಪನ್ನು ಲಾರಿಗಳು ಸುರಿಯುವುದು ಗೇಟಿನ ಪಕ್ಕ. ಶನಿವಾರ ಕೆಲಸದವರು ಚೀಲ ಹಿಡಿದು ನಿಲ್ಲುವುದೂ ಅಲ್ಲೇ. ಅಯೋಡಿನ್ ಸಿಂಪಡಿಸುವ ಮಿಷನ್ ಇರುವುದು ಒಳಗೆ, ಅವಳು ಕೂರುವ ಜಾಗದಿಂದ ಹತ್ತೇ ಹೆಜ್ಜೆ ಹಿಂದೆ.

"ಒಳಗೆ ಹಾಕ್ತಾರೆ," ಅಂದಳು ಮೆಲ್ಲಗೆ.

"ಉಪ್ಪೇ ಕಾರಣ ಅಂತ ಹೇಳೋಕಾಗಲ್ಲಮ್ಮ. ಆದರೆ ವರ್ಷಗಟ್ಟಲೆ ಅಯೋಡಿನ್ ಕಮ್ಮಿಯಾದ್ರೆ ಥೈರಾಯ್ಡ್ ಊದಿಕೊಳ್ಳುತ್ತೆ. ಈ ಥರದ ಕ್ಯಾನ್ಸರಿನ ಅಪಾಯಾನೂ ಹೆಚ್ಚುತ್ತೆ."

ಬಸ್ಸಿನಲ್ಲಿ ಸೊಸೆ ಕಿಟಕಿಯತ್ತ ಮುಖ ಮಾಡಿ ಕೂತಳು. ಅವಳು ಎರಡು ಮಾತು ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಈ ಹುಡುಗಿ ಅಂಗಡಿಯಿಂದ ಒಂದು ಪ್ಯಾಕೆಟ್ ಉಪ್ಪು ತಂದಿದ್ದಳು. "ಉಪ್ಪಿನ ಫ್ಯಾಕ್ಟರಿಯವಳ ಮನೇಲಿ ಉಪ್ಪು ಕೊಂಡು ತಿನ್ನೋದಾ? ನನ್ನ ಮಾನ ಕಳೀಬೇಡ," ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ, ಅವಳ ಕೈಯಲ್ಲೇ ವಾಪಸ್ಸು ಕೊಡಿಸಿದ್ದಳು ಅತ್ತೆ. ಆ ಪ್ಯಾಕೆಟ್ಟಿಗೆ ಸೀಲು ಹಾಕಿದವಳೂ ಬಹುಶಃ ಅವಳೇ.

ಮನೆಗೆ ಬಂದವಳೇ ಅತ್ತೆ ಸೀರೆ ಕೂಡ ಬದಲಿಸದೆ ಉಪ್ಪಿನ ಜಾಡಿಯನ್ನು ಮೋರಿಗೆ ಬಗ್ಗಿಸಿದಳು. ತೊಳೆದು, ಒರೆಸಿ, ಅಂಗಡಿಯ ಉಪ್ಪು ತುಂಬಿಸಿದಳು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು.

"ಒಂಬತ್ತು ವರ್ಷ ಆಯ್ತು ಅತ್ತೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಆಪರೇಷನ್ ಆಯಿತು. ಕುತ್ತಿಗೆಯ ಮೇಲೆ ಹೊಲಿಗೆಯ ಗೆರೆ ಉಳಿಯಿತು, ದನಿ ಒಡೆದುಹೋಯಿತು. ಡಾಕ್ಟರಮ್ಮ ಮುಂದಿನದನ್ನು ವಿವರಿಸಿದರು: "ಉಳಿದಿರೋದನ್ನ ಸುಡೋಕೆ ವಿಕಿರಣ ಸೂಸೋ ಒಂದು ಥರದ ಅಯೋಡಿನ್ನೇ ಔಷಧಿ. ಅದು ಚೆನ್ನಾಗಿ ಹಿಡೀಬೇಕಾದ್ರೆ ಮೊದಲು ಎರಡು ವಾರ ಮೈಗೆ ಬೇರೆ ಅಯೋಡಿನ್ ಸೇರಬಾರದು. ಪ್ಯಾಕೆಟ್ ಉಪ್ಪು ಬೇಡ, ಸಮುದ್ರದ್ದೂ ಬೇಡ. ಏನೂ ಬೆರೆಸದ ಗಣಿ ಉಪ್ಪು ಎಲ್ಲಾದ್ರೂ ಸಿಗುತ್ತಾ ನೋಡಿ."

ಎರಡು ತಿಂಗಳಲ್ಲಿ ಮೊದಲ ಸಲ ಸೊಸೆ ನಕ್ಕಳು. ಹೊಲಿಗೆ ಎಳೆದಂತಾಗಿ ಕುತ್ತಿಗೆಗೆ ಕೈ ಒತ್ತಿಕೊಂಡಳು.

"ಸಿಗುತ್ತೆ ಡಾಕ್ಟ್ರೇ. ನಮ್ಮತ್ತೆ ತಂದುಕೊಡ್ತಾರೆ."

ಶನಿವಾರ ಅತ್ತೆ ರಾಶಿಯ ಮುಂದೆ ಸಾಲಿನಲ್ಲಿ ನಿಂತಳು. ಮನೆಯ ಸುದ್ದಿಯನ್ನು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಹಿಂದೆ ನಿಂತಿದ್ದ ಲೇಬಲ್ ಅಂಟಿಸುವವಳ ಕೈಯಲ್ಲಿ ಎರಡು ಚೀಲಗಳಿದ್ದವು.

"ಒಂದು ಮಗಳಿಗೆ ಅಕ್ಕಾ. ಬಸುರಿ ಅಲ್ವಾ, ಬಾಯಿಗೆ ಏನೂ ರುಚಿಸಲ್ಲ ಅಂತಾಳೆ."

ಅತ್ತೆ ಆ ಚೀಲಗಳನ್ನು ಕಿತ್ತುಕೊಂಡಳು. "ಈ ಉಪ್ಪು ಬೇಡ ಕಣೇ. ಇದರಲ್ಲಿ ಅಯೋಡಿನ್ ಇಲ್ಲ. ಪ್ಯಾಕೆಟ್ ಕೊಂಡ್ಕೊಡು."

"ಮತ್ತೆ ನೀನ್ಯಾರಿಗೆ ಒಯ್ತಿದ್ದೀಯ?"

"ಸೊಸೆಗೆ."

"ಓಹೋ! ನನ್ನ ಮಗಳಿಗೆ ಬೇಡ, ನಿನ್ನ ಸೊಸೆಗಾದ್ರೆ ನಡೆಯುತ್ತೆ!"

ಸಾಲಿಗೆ ಸಾಲೇ ನಕ್ಕಿತು. ಸಲಿಕೆ ಹಿಡಿದವನೂ ನಗುತ್ತಲೇ ರಾಶಿಗೆ ಬಗ್ಗಿದ. ಅತ್ತೆ ತನ್ನ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.