ಇನ್ನೂ ಅರ್ಧ ದಾರಿ

ಸೀಟು ಒದ್ದೆ, ನೀರಿನ ಬಾಟಲಿ ಸೋರಿತೇನೋ, ಇಲ್ಲ, ಬಾಟಲಿ ಅತ್ತೆಯ ಕೈಯಲ್ಲೇ ಇದೆ, ಮುಚ್ಚಳ ಬಿಗಿಯಾಗಿದೆ, ಈ ಒದ್ದೆ ಬೆಚ್ಚಗಿದೆ, ನನ್ನೊಳಗಿಂದಲೇ — ಅಯ್ಯೋ ಈಗ ಬೇಡ, ಎಂಟು ತಿಂಗಳು ತುಂಬೋಕೇ ಇನ್ನೂ ದಿನ ಇದೆ, ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದರಲ್ಲ, ಎರಡು ಗಂಟೆ ತಾನೇ, ಆರಾಮಾಗಿ ಹೋಗಮ್ಮ, ಇವರೂ ಫೋನಿನಲ್ಲಿ ಅದನ್ನೇ ಅಂದರು, ಹಡಗಾದ್ರೆ ಮೈ ಹಣ್ಣಾಗುತ್ತೆ, ವಿಮಾನದಲ್ಲಿ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ನನ್ನ ಹತ್ರ ಇರ್ತೀಯ, ಕಣ್ಣು ಮುಚ್ಚಿದೆ, ತೆಗೆದೆ, ಎದುರಿನ ಪರದೆಯಲ್ಲಿ ಇನ್ನೂ ಆರುನೂರು ಕಿಲೋಮೀಟರ್, ಕೆಳಗೆ ಬರೀ ಸಮುದ್ರ, ಇಳಿಯೋಕೆ ಒಂದು ಗೇಣು ನೆಲವಿಲ್ಲ, ಅತ್ತೆಗೆ ಹೇಳಲೇ, ಹೇಳಿದರೆ ನಿಜವಾಗಿಬಿಡುತ್ತೆ, ಹೋದ ಸಲವೂ ಹೀಗೇ, ಹೊಲಿಗೆ ಮಿಷನ್ ಮುಂದೆ ಕೂತವಳು ಏಳುವಷ್ಟರಲ್ಲಿ ಮಗು ಹೋಗಿತ್ತು, ಆಮೇಲೆ ಅತ್ತೆ ನನಗೆ ಮುಖ ಕೊಟ್ಟು ಮಾತಾಡಿದ್ದೇ ಇಲ್ಲ, ಸೊಂಟಕ್ಕೆ ಯಾರೋ ಹಗ್ಗ ಬಿಗಿದ ಹಾಗೆ, ಸಡಿಲ ಬಿಟ್ಟ ಹಾಗೆ, ಮತ್ತೆ ಬಿಗಿ — ಏನಾಯ್ತೇ, ಏನಿಲ್ಲ ಅತ್ತೆ, ಏನಿಲ್ಲ ಅಂದ್ರೆ ನನ್ನ ಬೆರಳು ಯಾಕೆ ಹೀಗೆ ಮುರೀತಿದ್ದೀಯ, ಸೀಟು ನೋಡಿದರು, ಮುಖ ಬಿಳಿಚಿತು, ಆದರೆ ಗಂಟಲು ಬಿಳಿಚಲಿಲ್ಲ, ಇಡೀ ವಿಮಾನ ತಿರುಗಿ ನೋಡುವ ಹಾಗೆ ಕೂಗಿದರು, ಗಗನಸಖಿ ಓಡಿ ಬಂದಳು, ವಾಪಸ್ ತಿರುಗಿಸಿ ಅಂದೆ, ಹಿಂದಕ್ಕೂ ಅಷ್ಟೇ ದೂರ ಮೇಡಂ, ಸರಿಯಾಗಿ ಮಧ್ಯದಲ್ಲಿದ್ದೀವಿ, ಒಂದು ಗಂಟೆ ತಡ್ಕೊಳ್ಳಿ — ಅತ್ತ ದರಿ ಇತ್ತ ಪುಲಿ, ಯಾರು ತಡೆಯೋದು, ಯಾವುದನ್ನ, ಮೈಕಿನಲ್ಲಿ ಕೇಳುತ್ತಿದ್ದಾರೆ ಯಾರಾದರೂ ಡಾಕ್ಟರ್ ಇದ್ದೀರಾ, ಬೋಳುತಲೆಯವರೊಬ್ಬರು ಎದ್ದರು, ನಾನು ದನದ ಡಾಕ್ಟರು, ಆಗುತ್ತಾ, ಅತ್ತೆ ಅಂದರು ಹೆರೋ ನೋವು ಎಲ್ಲಾರಿಗೂ ಒಂದೇ, ಬನ್ನಿ ಸ್ವಾಮಿ, ನನಗೆ ನಗು ಬಂತು, ನಗು ಬಾಯಲ್ಲೇ ನೋವಾಯಿತು.

ಹಿಂದುಗಡೆ ನೆಲದ ಮೇಲೆ ಕಂಬಳಿ, ಪರದೆ ಈಗ ಕಾಣದು, ಎಷ್ಟು ದೂರ ಉಳಿದಿದೆ, ಯಾರೂ ಹೇಳುತ್ತಿಲ್ಲ, ನನ್ನ ತಲೆ ಅತ್ತೆಯ ತೊಡೆಯ ಮೇಲೆ, ಸಾಯ್ತೀನಿ ಅತ್ತೆ, ಬಾಯಿ ಮುಚ್ಚು, ಕೋಪ ಅಂದ್ಕೊಂಡಿದ್ದೀಯೇನೇ ಇಷ್ಟು ದಿನ, ನಿನ್ನ ಮುಖ ನೋಡಿದ್ರೆ ಅಳು ಬರ್ತಿತ್ತು ಕಣೇ, ಅಷ್ಟೇ, ತಿಣುಕು, ಇನ್ನೊಂದು ಸಲ — ವಿಮಾನ ಮುಂದಕ್ಕೆ ಬಾಗಿತು, ಇಳಿಯುತ್ತಿದೆ, ಕಿವಿ ಗಪ್ಪನೆ ಕಟ್ಟಿತು, ಮೈ ಎರಡಾಗಿ ಏನೋ ಜಾರಿತು, ಡಾಕ್ಟರ ಅಂಗೈ ಮೇಲೆ ಒಂದು ಪಾದ, ನೀಲಿ, ನನ್ನ ಹೆಬ್ಬೆರಳಿನಷ್ಟು, ಮಗು ಅಳಲಿಲ್ಲ, ಅಳ್ತಿಲ್ವಲ್ಲ, ನನಗೆ ಯಾವ ಸದ್ದೂ ಕೇಳದು, ಅವರು ಬಟ್ಟೆಯಿಂದ ಬೆನ್ನು ತಿಕ್ಕುತ್ತಿದ್ದಾರೆ, ಪಾದ ಜೋತಾಡುತ್ತಿದೆ, ನೀಲಿ, ತಿಕ್ಕುತ್ತಿದ್ದಾರೆ, ನೀಲಿ ಪಾದ, ಅತ್ತೆಯ ಬಾಯಿ ಅಲುಗುತ್ತಿದೆ, ಏನು, ಏನಂತೀರಿ ಅತ್ತೆ, ಕಿವಿ ಕಟ್ಟಿದೆ, ಕೇಳಿಸ್ತಿಲ್ಲ, ಅಳುತ್ತಿದ್ದಾರೋ ನಗುತ್ತಿದ್ದಾರೋ, ನಾನು ಅವರನ್ನು ನೋಡಲಾರೆ, ಪಾದವನ್ನೇ ನೋಡುತ್ತೇನೆ, ಬೆರಳು ಮಡಚಿತು, ಬಿಚ್ಚಿತು, ಹಿಮ್ಮಡಿಯಿಂದ ಬಣ್ಣ ಏರುತ್ತಿದೆ — ಪಾದ, ಕೆಂಪು, ಒದೆಯುತ್ತಿರುವ ಪಾದ