ಬಾಣ ಯಾವ ಕಡೆಗೆ

ಬಂಗಡೆಯ ಕಿವಿರು ಕಿತ್ತು ಕಲ್ಲುಪ್ಪು ಹಾಕಿ ತಿಕ್ಕುತ್ತಿದ್ದೆ. ಬೆಳಿಗ್ಗೆ ಶಿವಾಜಿನಗರದಿಂದ ತಂದ ಮೀನು. ಹಲಸೂರಿನ ನಮ್ಮ ವಠಾರದ ಬೆಕ್ಕುಗಳೆಲ್ಲ ನಲ್ಲಿಯ ಹತ್ತಿರ ಸಭೆ ಸೇರಿದ್ದವು. ಅವುಗಳ ಹಿಂದೆ, ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು. ರಿಮ್ಶಾ ಮಾತ್ರ ಕೂರದೆ ಗೋಡೆಗೆ ಒರಗಿ ನಿಂತಿದ್ದಳು.

"ಕೂತ್ಕೊಳ್ಳೇ."

"ಯಾಕಜ್ಜಿ? ಸೋಮವಾರದಿಂದ ಹಾಜರಿಯಲ್ಲಿ ನನ್ನ ಹೆಸರೇ ಇರಲ್ವಂತೆ. ಹೆಡ್‌ಮಾಸ್ಟರ್ ನಮ್ಮ ಅಬ್ಬಾಗೆ ಹೇಳಿದಾರೆ."

"ಇವತ್ತಿನ್ನೂ ಶುಕ್ರವಾರ. ಕೂತ್ಕೋ."

ಈ ಮಕ್ಕಳ ಶಾಲೆಯ ಹೊಸ ಟೀಚರ್ ಶಾಂಭವಿ ನನಗೊಂದು ಹಾಳೆ ಕೊಟ್ಟಿದ್ದಳು. ಒಂದು ಚೌಕದಲ್ಲಿ ಕಾರಣ, ಇನ್ನೊಂದರಲ್ಲಿ ಪರಿಣಾಮ, ನಡುವೆ ಬಾಣ. ನಾನು ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ತಲೆ ಅರ್ಧ ನರೆತ ಮೇಲೆ. ಕೈಗೆ ಸಿಗುವ ವಸ್ತುವಿನಿಂದ ಕಲಿಸಿದರೆ ನನಗೂ ಸುಲಭ, ಮಕ್ಕಳಿಗೂ ಸುಲಭ. ಕೈ ತೊಳೆದು, ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮೀನಿನ ತಲೆ, ಬೆನ್ನೆಲುಬು, ಮುಳ್ಳುಗಳನ್ನು ಎಳೆದೆ.

"ಏನಾಯ್ತು ಅನ್ನೋದು ತಲೆಯಲ್ಲಿ. ಯಾಕಾಯ್ತು ಅನ್ನೋದು ಒಂದೊಂದು ಮುಳ್ಳಿನ ಮೇಲೆ."

"ತಲೆ ಬೆಕ್ಕು ತಿಂದ್ಬಿಟ್ರೆ?" ಎಂದ ಆದಿಲ್.

"ಅದಕ್ಕೇ ಬೇಗ ಬರಿ."

ರಿಮ್ಶಾ ಸೀಮೆಸುಣ್ಣ ಕಿತ್ತುಕೊಂಡು ತಲೆಯಲ್ಲಿ ತಾನೇ ಬರೆದಳು: ರಿಮ್ಶಾ ಶಾಲೆಗೆ ಹೋಗುತ್ತಿಲ್ಲ.

ಆದಿಲ್ ಒಂದು ಮುಳ್ಳಿನ ಮೇಲೆ 'ಸೋಮಾರಿ' ಎಂದು ಬರೆದು ಅವಳಿಂದ ಗುದ್ದು ತಿಂದ. ಪಕ್ಕದ ಮನೆಯ ಧನುಶ್ರೀ ಇನ್ನೊಂದರ ಮೇಲೆ ಬರೆದಳು: ಹುಡುಗಿಯರ ಶೌಚಾಲಯಕ್ಕೆ ಬೀಗ.

"ಅದು ಕಾರಣ ಅಲ್ಲ ಕಣೇ," ಎಂದ ಆದಿಲ್. "ಹುಡುಗೀರು ಬರ್ತಿಲ್ಲ, ಯಾರೂ ಬಳಸ್ತಿಲ್ಲ, ಅದಕ್ಕೆ ಬೀಗ ಹಾಕಿದೀವಿ ಅಂದ್ರು ಹೆಡ್‌ಮಾಸ್ಟರ್. ಬಾಣ ತಲೆಯಿಂದ ಬೀಗದ ಕಡೆಗೆ."

ಹೆಡ್‌ಮಾಸ್ಟರ್ ಅಂಜನಮೂರ್ತಿಯವರು ನನಗೂ ಅದನ್ನೇ ಹೇಳಿದ್ದರು. ಆ ಬೀಗದ ವಿಷಯ ಶಿಕ್ಷಣಾಧಿಕಾರಿಗೆ ಕಾಗದ ಬರೆದು ಅವರಿಗೆ ತೋರಿಸಿದಾಗ, "ಸ್ವಲ್ಪ ತಾಳಿ ಬಾಲಮ್ಮನೋರೇ, ಮುಂದಿನ ವಾರ ತೆಗೆಸ್ತೀನಿ" ಎಂದಿದ್ದರು. ತಾಳಿದೆ. ದೀಪಾವಳಿ ಹೋಯಿತು, ಕ್ರಿಸ್‌ಮಸ್ ನಕ್ಷತ್ರಗಳೂ ಇಳಿದವು. ಕಾಗದ ಅಕ್ಕಿ ಡಬ್ಬದ ಕೆಳಗೇ ಇತ್ತು.

"ಜಗಳ ಬೇಡ. ಯಾವುದು ಮೊದಲು ಆಯ್ತು, ಅದು ಹೇಳಿ," ಎಂದೆ.

ರಿಮ್ಶಾ ಬೆಕ್ಕನ್ನೇ ನೋಡುತ್ತಾ ಹೇಳಿದಳು: "ದಸರಾ ರಜೆ ಮುಗಿಸಿ ಹೋದಾಗ ಬೀಗ ಇತ್ತು. ಆವಾಗ ಎಲ್ಲಾ ಹುಡುಗೀರೂ ಬರ್ತಿದ್ವಿ. ನಾನು ನೀರೇ ಕುಡೀತಿರ್ಲಿಲ್ಲ. ಒಂದಿನ ಹೊಟ್ಟೆನೋವು ತಡ್ಕೊಳ್ಳೋಕಾಗ್ಲಿಲ್ಲ. ಆಮೇಲೆ ಹೋಗ್ಲಿಲ್ಲ."

ಆದಿಲ್ ಬೆರಳಿಗೆ ಉಗುಳು ಹಚ್ಚಿ 'ಸೋಮಾರಿ'ಯನ್ನು ಅಳಿಸಿದ.

"ಹಂಗಾದ್ರೆ ಹೆಡ್‌ಮಾಸ್ಟರ್ ಬಾಣ ಉಲ್ಟಾ ಹಾಕಿದಾರೆ."

"ಪರೀಕ್ಷೆಯಲ್ಲಾಗಿದ್ರೆ ಸೊನ್ನೆ," ಎಂದಳು ಧನುಶ್ರೀ.

ನಾನು ಒಳಗೆ ಹೋಗಿ ಅಕ್ಕಿ ಡಬ್ಬ ಸರಿಸಿದೆ. ಕಾಗದದ ಹಿಂಬದಿಯಲ್ಲಿ ರಿಮ್ಶಾ ಅದೇ ಮೀನು ಬರೆದಳು. ಈ ಸಲ ತಲೆಯಲ್ಲಿ ಅವಳ ಹೆಸರಿನ ಜೊತೆ ಶಾಲೆ ಬಿಟ್ಟ ಇನ್ನಷ್ಟು ಹುಡುಗಿಯರ ಹೆಸರುಗಳಿದ್ದವು. ಬೀಗದ ಮುಳ್ಳು ಎಲ್ಲಕ್ಕಿಂತ ದಪ್ಪ.

ಮರುದಿನ ರಿಮ್ಶಾಳ ಜೊತೆ ಅಂಚೆ ಕಚೇರಿಗೆ ಹೊರಟಾಗ ಶಾಲೆಯ ಗೇಟಿನಲ್ಲಿ ಅಂಜನಮೂರ್ತಿಯವರು ನಿಂತಿದ್ದರು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿದರು.

"ಏನಮ್ಮಾ ಇದು? ಶಾಲೆ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆಗೆ ನೀವೇ ಬೀಗ ಹಾಕಿದೀರಲ್ಲ ಸಾರ್. ಬೀಗದ ಕೈನೂ ನಿಮ್ ಹತ್ರಾನೇ ಇದೆ."

"ಇನ್ನೊಂದು ವಾರ ತಾಳಿ ಅಂದ್ರೆ..."

"ತಾಳಿದ್ದಕ್ಕೇ ಇಷ್ಟಾಗಿರೋದು."

ಅಂಚೆ ಕಚೇರಿಯ ಸಾಲಿನಲ್ಲಿ ರಿಮ್ಶಾ ನನ್ನ ಸೆರಗು ಜಗ್ಗಿದಳು. "ಸೋಮವಾರದೊಳಗೆ ಮುಟ್ಟದಿದ್ರೆ ಅಜ್ಜಿ?"

"ಸೋಮವಾರ ನೀನು ತರಗತಿಲಿ ಕೂತಿರ್ತೀಯ. ನಾನು ಗೇಟಲ್ಲಿ ಕೂತಿರ್ತೀನಿ. ಯಾರು ಎಬ್ಬಿಸ್ತಾರೋ ನೋಡೋಣ."

ಅವಳು ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತುದಿಗಾಲಲ್ಲಿ ನಿಂತು, ಕೌಂಟರಿನೊಳಗೆ ತಳ್ಳಿದಳು.

"ಸ್ಪೀಡ್ ಪೋಸ್ಟ್," ಎಂದಳು, ಸಾಲಿಗೆಲ್ಲ ಕೇಳುವ ಹಾಗೆ.