ಅತ್ತವರಿಗೆ ಮಾತ್ರ ಸೂಜಿ

“ನೋವಿರೋಳು ಹಿಂಗೆ ಹಲ್ಲು ಕಿರೀತಾಳೇನೇ? ಎಬ್ಬಿಸ್ಕೊಂಡು ನಡಿ ಮನೆಗೆ. ನಿನ್ ಮಗಳ ನಾಟಕಕ್ಕೆ ಇಲ್ಲಿ ಸ್ಟೇಜ್ ಹಾಕಿಲ್ಲ.”

ಡಾಕ್ಟರು ಹೀಗೆಂದಾಗ, ಮಗಳ ಕಾಲು ಒತ್ತುತ್ತಿದ್ದ ಇಟ್ಟಿಗೆ ಗೂಡಿನ ಹೆಂಗಸು ಏನೋ ಕದ್ದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಹುಡುಗಿಯನ್ನು ನಗಿಸಿದವಳು ನಾನು. ಅವಳದು ಸಿಕಲ್ ಸೆಲ್. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಇಳಿದು ಬಂದ ರಕ್ತದ ಕಾಯಿಲೆ. ರಕ್ತದ ಕಣ ಕುಡುಗೋಲಿನಂತೆ ಬಾಗಿ ಒಳಗೆ ಸಿಕ್ಕಿಕೊಂಡರೆ ಮೂಳೆಗೆ ಬೆಂಕಿ ಬಿದ್ದ ಹಾಗೆ. ಹುಟ್ಟಿನಿಂದ ಈ ನೋವು ಉಂಡವರು ಕಿರುಚುವುದಿಲ್ಲ, ಕಿರುಚಲು ತ್ರಾಣ ಬೇಕಲ್ಲ. ಅವಳ ಗಮನ ಬೇರೆಡೆ ಹರಿಯಲೆಂದು, ‘ನಮ್ಮ ಡಾಕ್ಟರ ಹೊಟ್ಟೆ ಮೊದಲು ಬರುತ್ತೆ, ಅವರು ಆಮೇಲೆ’ ಎಂದಿದ್ದೆ. ಅಷ್ಟರಲ್ಲಿ ಹೊಟ್ಟೆ ಬಂದೇಬಿಟ್ಟಿತು.

ನನ್ನ ಮಗಳಿಗೂ ಇದೇ ಕಾಯಿಲೆ ಇತ್ತು. ಅವಳನ್ನೂ ಹೀಗೇ ಮನೆಗೆ ಅಟ್ಟಿದ್ದರು, ಬಸ್ಸಿನಲ್ಲೇ ತಣ್ಣಗಾದಳು. ಅಂದಿನಿಂದ ಆಸ್ಪತ್ರೆಯ ಬಟ್ಟೆ ಒಗೆದು ಮುಗಿಸಿ ರೋಗಿಗಳು ಕಾಯುವ ಈ ಹಜಾರದಲ್ಲಿ ಇಂಥವರ ಪಕ್ಕ ಕೂರುತ್ತೇನೆ. ಯಾರೂ ನೇಮಿಸಿಲ್ಲ. ‘ಲಾಯರಜ್ಜಿ’ ಎಂದು ಹೆಸರಿಟ್ಟವರು ನರ್ಸುಗಳು, ಪ್ರೀತಿಯಿಂದಲ್ಲ.

“ಸಾರ್, ಡ್ರಿಪ್ ಹಾಕ್ಸಿ, ನೋವಿನ ಇಂಜೆಕ್ಷನ್ ಕೊಡ್ಸಿ. ತಡ ಆದ್ರೆ ಎದೆಗೆ ಏರತ್ತೆ,” ಎಂದೆ.

“ಬಟ್ಟೆ ಒಗೆಯೋಳು ನೀನು. ಒಗಿ ಹೋಗು.”

“ಒಗೀತೀನಿ. ನಿಮ್ಮ ಕೋಟೂ ನಾನೇ ಒಗೆಯೋದು. ಇವಳು ಏನ್ ಮಾಡಿದ್ರೆ ನಂಬ್ತೀರಿ, ಅದ್ ಹೇಳಿ.”

“ನಿಜವಾದ ನೋವಿದ್ರೆ ಸೂರು ಕಿತ್ತೋಗೋ ಹಂಗೆ ಅಳ್ತಾರೆ.” ಡಾಕ್ಟರು ತಮ್ಮ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಟ್ಟಿಗೆಯವಳು ಬೆಂಚಿನಡಿ ಮಗಳ ಚಪ್ಪಲಿ ಹುಡುಕತೊಡಗಿದಳು. “ಬಾ ಅಜ್ಜಿ, ಒಂದು ಕೈ ಹಿಡಿ. ದೊಡ್ಡೋರ ತಂಟೆ ನಮಗ್ಯಾಕೆ.”

“ಕೂತ್ಕೊಳೇ. ಬಸ್ ಹತ್ತಿಸಿದ್ರೆ ನಿನ್ ಕಾಲು ಮುರೀತೀನಿ.”

ಹುಡುಗಿ ಅಂಗಿಯ ತೋಳು ಕಚ್ಚಿಕೊಂಡಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ನಾನು ಬೆಂಚು ಹತ್ತಿ ನಿಂತೆ. “ಕೇಳ್ರಪ್ಪಾ. ಈ ಮಗು ಕೈಲಿ ಅಳೋಕಾಗ್ತಿಲ್ಲ. ಅಳದೆ ಆ ಮುಂಡೇಮಗ ಸೂಜಿ ಚುಚ್ಚಲ್ವಂತೆ. ನಿಮ್ಮತ್ರ ಅಳು ಇದ್ರೆ ಸ್ವಲ್ಪ ಕೊಡಿ.”

ಕಾಲು ಮುರಿದ ಹಮಾಲಿ ಮೊದಲು ಬಾಯಿ ತೆಗೆದ. ಮೂಟೆ ಹೊತ್ತು ಕೂಗಿ ಪಳಗಿದ ಗಂಟಲು. ಹಿಂದೆಯೇ ತುಂಬುಬಸುರಿ, ಹಲ್ಲುನೋವಿನ ಮುದುಕ, ಯಾವ ಕಾಯಿಲೆಯೂ ಇಲ್ಲದೆ ಜೊತೆಗೆ ಬಂದವರು. ಅಳುವಿನ ನಡುವೆ ಹಮಾಲಿ ಕೇಳಿದ, “ಇಷ್ಟು ಸಾಕಾ ಅಜ್ಜಿ?”

“ಇನ್ನೂ ಏರ್ಸಪ್ಪಾ.”

ಡಾಕ್ಟರು ಓಡಿ ಬಂದರು. “ಏನಾಯ್ತು? ಯಾರಿಗೆ?”

ಎಲ್ಲರೂ ಅಳುತ್ತಲೇ ಹುಡುಗಿಯತ್ತ ಕೈ ತೋರಿಸಿದರು.

ಅವರ ಮುಖ ಕೆಂಪಾಯಿತು. “ಈ ಮುದುಕೀನ ಎಳೆದು ಹೊರಗೆ ಹಾಕ್ರೋ.” ಕಾವಲಿನವನು ನನ್ನ ರಟ್ಟೆ ಹಿಡಿದ.

ಆಗ ಇಟ್ಟಿಗೆಯವಳು ಎದ್ದಳು. ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೊರಬಾಗಿಲಿನತ್ತ ಹೋಗಲಿಲ್ಲ. ಡಾಕ್ಟರನ್ನು ಹೆಗಲಿನಿಂದ ಬದಿಗೆ ನೂಕಿ, ಕೋಣೆಗೆ ನುಗ್ಗಿ, ಅವರ ಮೇಜಿನ ಮೇಲಿದ್ದುದನ್ನೆಲ್ಲ ಕೆಳಕ್ಕೆ ತಳ್ಳಿ ಮಗಳನ್ನು ಮಲಗಿಸಿದಳು.

“ನನ್ ಮಗಳು ಅಳಲ್ಲ,” ಎಂದಳು. “ನೀನು ಸೂಜಿ ತಗೊಂಡ್ ಬಾ.”